ಕಂಬ, ಕತ್ತಲು, ಬೆಳಕು: ಕಟ್ಟಡದ ಒಳಗೆ ನಿಂತು ಒಳ್ಳೆಯ ಫೋಟೊ ತೆಗೆಯುವುದು ಹೇಗೆ?

ಹರಿಹರದ ಹರಿಹರೇಶ್ವರ ದೇವಸ್ಥಾನದ ಮಂಟಪದಲ್ಲಿ ನಾನು ತೆಗೆದ ಮೊದಲ ಫೋಟೊ ಇವತ್ತಿಗೂ ನನ್ನ ಹಾರ್ಡ್‌ಡಿಸ್ಕ್‌ನಲ್ಲಿದೆ. ಅಳಿಸಿಲ್ಲ. ಅದರಲ್ಲಿ ಎಲ್ಲವೂ ಇದೆ. ಕಂಬಗಳಿವೆ, ಛಾವಣಿಯ ಕೆತ್ತನೆ ಇದೆ, ಹೊರಗಿನ ಅಂಗಳ ಇದೆ, ಮೂಲೆಯಲ್ಲಿ ಒಂದು ನೀಲಿ ಬಕೆಟ್ಟೂ ಇದೆ. ದಾವಣಗೆರೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಹಿರಿಯರೊಬ್ಬರಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ತಮ್ಮಾ, ಇದ್ರಾಗೆ ನೀನು ಏನ್ ತೋರಿಸ್ಬೇಕು ಅಂತ ಮಾಡಿದ್ದಿ?" ಅಂದರು. ಉತ್ತರ ಇರಲಿಲ್ಲ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೆರಳನ್ನು ಬೆಳಗಿಸುವ ಶ್ಯಾಡೋಸ್ ಸ್ಲೈಡರನ್ನು ಕೊನೆಯವರೆಗೆ ಎಳೆದೆ. ಕತ್ತಲೆಲ್ಲ ಹೋಯಿತು. ಅದರ ಜೊತೆ ಮಂಟಪವೂ ಹೋಯಿತು. ಎಂಟುನೂರು ವರ್ಷದ ಕಲ್ಲಿನ ಮಂಟಪ ಟ್ಯೂಬ್‌ಲೈಟ್ ಹಾಕಿದ ಕಲ್ಯಾಣ ಮಂಟಪದ ಹಾಗೆ ಕಾಣತೊಡಗಿತು. ಕಾಂಟ್ರಾಸ್ಟ್ ಸ್ಲೈಡರ್ ಎಳೆದರೆ ಹೊರಗಿನ ಅಂಗಳ ಬೆಳ್ಳಗೆ ಸುಟ್ಟುಹೋಯಿತು, ಕಂಬ ಕಲ್ಲಿದ್ದಲಾಯಿತು.

ಆಮೇಲೆ ಅದೇ ಮಂಟಪಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್, ಬೆಳಗಿನ ಬಸ್ಸು ಹತ್ತಿದರೆ ತಿಂಡಿ ಹೊತ್ತಿಗೆ ವಾಪಸ್. ಅಷ್ಟು ಸಲ ಹೋಗಿ ಕಲಿತದ್ದು ಇಷ್ಟು: ಏನನ್ನು ಬೆಳಗಿಸಬೇಕು ಅನ್ನುವುದಕ್ಕಿಂತ, ಏನನ್ನು ಕತ್ತಲಲ್ಲೇ ಬಿಡಬೇಕು ಅಂತ ಮೊದಲು ಗೊತ್ತುಮಾಡಿಕೊಳ್ಳಬೇಕು. ಮುಂದೆ ಹೇಳುವ ಎಲ್ಲ ಕೆಲಸವೂ ಇದಕ್ಕಾಗಿಯೇ. ನಿಮ್ಮ ಜಾಗ ದೇವಸ್ಥಾನವೇ ಆಗಬೇಕಿಲ್ಲ. ಹಳೆಯ ತೊಟ್ಟಿ ಮನೆ, ಹತ್ತಿ ಗೋದಾಮು, ಶಾಲೆಯ ಉದ್ದನೆಯ ವರಾಂಡ, ಎಲ್ಲಕ್ಕೂ ಇದೇ ಕ್ರಮ. ಕ್ಯಾಮೆರಾ ಇಲ್ಲದಿದ್ದರೆ ಮೊಬೈಲೇ ಸಾಕು.

ಮನೆ ಬಿಡುವ ಮೊದಲು

ಸೂರ್ಯ ಎಲ್ಲಿರುತ್ತಾನೆ ಅಂತ ನೋಡಿಕೊಳ್ಳಿ. ಹರಿಹರೇಶ್ವರ ದೇವಸ್ಥಾನವನ್ನು 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅದರ ಮಂಟಪ ಗೋಡೆಯಿಂದ ಮುಚ್ಚಿದ್ದಲ್ಲ, ತೆರೆದದ್ದು. ಅಂಚಿಗೆ ಗಿಡ್ಡ ಗೋಡೆ, ಆ ಗೋಡೆಯ ಮೇಲೆ ಅರ್ಧಗಂಬಗಳು, ಅವುಗಳ ಮೇಲೆ ಹೊರಚಾಚಿದ ಸೂರು. ಒಳಗೆ ಪೂರ್ತಿ ಎತ್ತರದ ಕಡೆದ ಕಂಬಗಳು. ಅಂದರೆ ಇಲ್ಲಿ ಬೆಳಕು ಮೇಲಿನಿಂದ ಬರುವುದಿಲ್ಲ, ಪಕ್ಕದಿಂದ ಬರುತ್ತದೆ. ಎಷ್ಟು ಒಳಗೆ ಬರುತ್ತದೆ ಅನ್ನುವುದನ್ನು ಸೂರು ಮತ್ತು ಸೂರ್ಯನ ಎತ್ತರ ನಿರ್ಧರಿಸುತ್ತವೆ.

ನಮ್ಮ ಊರುಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಆಗ ಮಂಟಪದ ಒಳಗೆ ನೇರ ಬಿಸಿಲು ಒಂದು ತುಣುಕೂ ಬೀಳುವುದಿಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ 52 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ದಕ್ಷಿಣದ ಕಡೆಯಿಂದ ಬಿಸಿಲು ನೆಲದ ಮೇಲೆ ಚಾಪೆ ಹಾಸಿದಂತೆ ಒಳಗೆ ಬರುತ್ತದೆ. ನನಗೆ ನವೆಂಬರಿನಿಂದ ಫೆಬ್ರವರಿವರೆಗಿನ ಬೆಳಗ್ಗೆ ಏಳರಿಂದ ಒಂಬತ್ತು ಇಷ್ಟ. ಇನ್ನು ಬೇಸಗೆಯ ಮಧ್ಯಾಹ್ನವೂ ಪೂರ್ತಿ ದಂಡವಲ್ಲ. ಅಂಗಳಕ್ಕೆ ಬಿದ್ದ ಬಿಸಿಲು ಪುಟಿದು ಕೆಳಗಿನಿಂದ ಛಾವಣಿಗೆ ತಾಗುತ್ತದೆ. ಭುವನೇಶ್ವರಿಯ ಕಮಲಗಳನ್ನು, ಅಂದರೆ ಛಾವಣಿಯ ಕೆತ್ತನೆಯನ್ನು ತೆಗೆಯಲು ಅದೇ ಒಳ್ಳೆಯ ಹೊತ್ತು.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕು. ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸಬೇಡಿ, ಪೂಜೆ ನಡೆಯುವ ಜಾಗ ಅದು. ಅರ್ಚಕರನ್ನು ಒಂದು ಮಾತು ಕೇಳಿಕೊಂಡರೆ ಆಮೇಲೆ ಯಾರೂ ತಡೆಯುವುದಿಲ್ಲ.

ಟ್ರೈಪಾಡ್ ಬದಲು ಒಂದು ಬಟ್ಟೆ ಚೀಲದಲ್ಲಿ ಒಂದು ಕೆಜಿ ಅಕ್ಕಿ ಅಥವಾ ಜೋಳ ತುಂಬಿ ಹೊಲಿದುಕೊಳ್ಳಿ. ಕಟ್ಟೆಯ ಮೇಲೆ ಅದನ್ನಿಟ್ಟು, ಮೇಲೆ ಕ್ಯಾಮೆರಾ ಒತ್ತಿ ಕೂರಿಸಿ, ಎರಡು ಸೆಕೆಂಡ್ ಟೈಮರ್ ಹಾಕಿದರೆ ಅರ್ಧ ಸೆಕೆಂಡ್ ಶಟರ್ ತೆರೆದಿಡುವ ಎಕ್ಸ್‌ಪೋಷರ್ ಕೂಡ ಅಲುಗಾಡದೆ ಬರುತ್ತದೆ. ದಾವಣಗೆರೆಯವನಾದ ತಪ್ಪಿಗೆ ನಾನು ಮೊದಲು ಮಂಡಕ್ಕಿ ತುಂಬಿ ನೋಡಿದೆ. ಹಗುರ, ಜಾರುತ್ತದೆ, ಕರುಕುರು ಸದ್ದು ಬೇರೆ. ಅದನ್ನು ತಿನ್ನಲು ಇಟ್ಟುಕೊಳ್ಳಿ.

ಮೊದಲ ಹದಿನೈದು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರಲಿ

ಇದನ್ನು ಯಾರೂ ಮಾಡುವುದಿಲ್ಲ. ನಾನೂ ಎಷ್ಟೋ ದಿನ ಮಾಡಲಿಲ್ಲ. ಒಳಗೆ ಹೋಗಿ ಸುಮ್ನೆ ಒಂದು ಕಡೆ ಕೂತುಕೊಳ್ಳಿ. ಹೊರಗಿನ ಬಿಸಿಲಿನಿಂದ ಬಂದ ಕಣ್ಣು ಒಳಗಿನ ಮಬ್ಬಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಹೊಂದಿಕೊಂಡ ಮೇಲೆ ಒಂದು ಸಮಸ್ಯೆಯೂ ಆಗುತ್ತದೆ: ಕಣ್ಣಿಗೆ ಎಲ್ಲವೂ ಚೆನ್ನಾಗಿ ಕಾಣತೊಡಗುತ್ತದೆ. ಹೊರಗೆ ನೋಡಿದಾಗ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಒಳಗೆ ನೋಡಿದಾಗ ದೊಡ್ಡದಾಗುತ್ತದೆ. ಕ್ಯಾಮೆರಾಗೆ ಆ ಸೌಲಭ್ಯವಿಲ್ಲ. ಅದು ಒಂದೇ ಸಲ ನೋಡುತ್ತದೆ.

ಆದ್ದರಿಂದ ಕಣ್ಣನ್ನು ಅರ್ಧ ಮುಚ್ಚಿ ನೋಡಿ. ವಿವರಗಳು ಮಾಯವಾಗಿ ಬರೀ ದೊಡ್ಡ ದೊಡ್ಡ ತುಂಡುಗಳು ಉಳಿಯುತ್ತವೆ: ಇಲ್ಲೊಂದು ಬಿಳಿ ಚೌಕ, ಅಲ್ಲೊಂದು ಕಪ್ಪು ಪಟ್ಟಿ, ನಡುವೆ ಬೂದು. ನಿಮ್ಮ ಫೋಟೊ ನಿಲ್ಲುವುದು ಈ ತುಂಡುಗಳ ಮೇಲೆ, ಕೆತ್ತನೆಯ ಮೇಲಲ್ಲ. ಮೂರು ನಾಲ್ಕು ತುಂಡುಗಳಲ್ಲಿ ಚಿತ್ರ ಅರ್ಥವಾದರೆ ಸರಿ. ಹತ್ತು ಹನ್ನೆರಡು ಇದ್ದರೆ ಜಾಗ ಬದಲಿಸಿ.

ಈಗ ಸ್ಟುಡಿಯೋ ಹಿರಿಯರ ಪ್ರಶ್ನೆಗೆ ಉತ್ತರ ಕೊಡಿ. ಒಂದೇ ವಾಕ್ಯದಲ್ಲಿ. "ಸಾಲಿನ ಮೂರನೇ ಕಂಬಕ್ಕೆ ಎಡಗಡೆಯಿಂದ ಬೆಳಕು ಬಿದ್ದಿದೆ" ಅನ್ನುವುದು ಉತ್ತರ. "ಮಂಟಪ ಚೆನ್ನಾಗಿದೆ" ಅನ್ನುವುದು ಉತ್ತರವಲ್ಲ.

ಒಂದು ಹೆಜ್ಜೆ ಎಡಕ್ಕೆ

ಕಾಂಟ್ರಾಸ್ಟಿನ ಮುಕ್ಕಾಲು ಪಾಲು ಕೆಲಸ ಇಲ್ಲೇ ಆಗುತ್ತದೆ, ಕಾಲಿನಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ನಮ್ಮ ಮನೆಯ ಮುಂದೆ ಅಮ್ಮ ಸಗಣಿ ಸಾರಿಸಿ ರಂಗೋಲಿ ಹಾಕುತ್ತಿದ್ದರು. ಬಿಳಿ ಎಳೆ ಎದ್ದು ಕಾಣುತ್ತಿತ್ತು. ಆಮೇಲೆ ಅಂಗಳಕ್ಕೆ ಸಿಮೆಂಟ್ ಬಂತು. ಅದೇ ಕೈ, ಅದೇ ಪುಡಿ, ಆದರೆ ರಂಗೋಲಿ ಮಂಕಾಯಿತು. ರಂಗೋಲಿ ಬದಲಾಗಿರಲಿಲ್ಲ, ಅದರ ಹಿಂದಿನ ನೆಲ ಬದಲಾಗಿತ್ತು. ಕಂಬಕ್ಕೂ ಹಾಗೆಯೇ. ಕಂಬದ ಮೇಲೆ ಬಿದ್ದ ಬೆಳಕು ಎಷ್ಟೇ ಚೆನ್ನಾಗಿರಲಿ, ಅದರ ಹಿಂದೆ ಬಿಸಿಲಿನ ಅಂಗಳ ಇದ್ದರೆ ಕಂಬ ಮಂಕಾಗಿಯೇ ಕಾಣುತ್ತದೆ.

ಹೀಗೆ ಮಾಡಿ. ನೀವು ಆರಿಸಿದ ಕಂಬವನ್ನು ನೋಡುತ್ತಾ ನಿಧಾನವಾಗಿ ಎಡಕ್ಕೂ ಬಲಕ್ಕೂ ಸರಿಯಿರಿ. ಕಂಬದ ಹಿಂದಿನ ಹಿನ್ನೆಲೆ ಬದಲಾಗುತ್ತಾ ಹೋಗುತ್ತದೆ. ಕಂಬದ ಬೆಳಗಿದ ಅಂಚಿನ ಹಿಂದೆ ಕತ್ತಲು ಬರಬೇಕು. ಕಂಬದ ಕತ್ತಲ ಬದಿಯ ಹಿಂದೆ ಸ್ವಲ್ಪ ಬೆಳಕು ಬರಬೇಕು. ಇವೆರಡೂ ಒಟ್ಟಿಗೆ ಸಿಗುವ ಜಾಗ ಒಂದು ಅಡಿಯಷ್ಟು ಅಗಲವೂ ಇರುವುದಿಲ್ಲ. ಸಿಕ್ಕಿದಾಗ ಕಂಬ ಹಿನ್ನೆಲೆಯಿಂದ ಬಿಡಿಸಿಕೊಂಡು ಮುಂದೆ ಬಂದು ನಿಂತಂತೆ ಕಾಣುತ್ತದೆ. ಯಾವ ಸ್ಲೈಡರೂ ಇದನ್ನು ಮಾಡಿಕೊಡುವುದಿಲ್ಲ.

ಹೊಯ್ಸಳರ ಕಡೆದ ಕಂಬಗಳಿಗೆ ಇನ್ನೊಂದು ಗುಣವಿದೆ. ಬಳಪದ ಕಲ್ಲು, ಉರುಟು, ನುಣುಪು. ಗಂಟೆಯಾಕಾರದ ಭಾಗದ ಮೇಲೆ ಪಕ್ಕದ ಬೆಳಕು ಬಿದ್ದರೆ ಬಿಳಿಯಿಂದ ಕಪ್ಪಿನವರೆಗೆ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ನಡುವೆ ಒಂದು ಹೊಳಪಿನ ಗೆರೆ. ಆ ಗೆರೆ ತೀರಾ ಜಾಸ್ತಿಯಾದರೆ ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ತಿರುಗಿಸಿ ತಗ್ಗಿಸಬಹುದು. ಪೂರ್ತಿ ತೆಗೆದುಹಾಕಬೇಡಿ, ಕಂಬ ಉರುಟಾಗಿದೆ ಅಂತ ನೋಡುವವರಿಗೆ ಹೇಳುವುದೇ ಆ ಗೆರೆ. ಫಿಲ್ಟರ್ ಒಂದೂವರೆ ಸ್ಟಾಪಿನಷ್ಟು ಬೆಳಕನ್ನೂ ತಿನ್ನುತ್ತದೆ. ಒಂದು ಸ್ಟಾಪ್ ಏರಿದರೆ ಬೆಳಕು ಎರಡು ಪಟ್ಟು, ಇಳಿದರೆ ಅರ್ಧ.

ಇನ್ನು ಚೌಕಟ್ಟು. ನೇರವಾಗಿ ನಡು ಅಕ್ಷದಲ್ಲಿ ನಿಂತು ತೆಗೆಯುವುದಾದರೆ ಪಕ್ಕಾ ನಡುವೆ ನಿಲ್ಲಿ. ನೆಲದ ಕಲ್ಲುಚಪ್ಪಡಿಗಳ ಸಂದು ನೋಡಿ, ಛಾವಣಿಯ ನಡುಗಮಲ ನೋಡಿ, ಎರಡೂ ಒಂದೇ ಗೆರೆಯಲ್ಲಿ ಬರಲಿ. ನಾಲ್ಕು ಬೆರಳು ಆಚೀಚೆಯಾದರೂ ಗೊತ್ತಾಗುತ್ತದೆ. "ಸುಮಾರಾಗಿ ನಡುವೆ" ಅನ್ನುವ ಫೋಟೊ ಸೊಟ್ಟಗೆ ತೂಗುಹಾಕಿದ ಕ್ಯಾಲೆಂಡರಿನ ಹಾಗೆ, ನೋಡುವವರ ಕೈ ಅದನ್ನು ಸರಿಮಾಡಲು ಹೋಗುತ್ತದೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ನಡುವನ್ನು ಬಿಟ್ಟು ಮೂಲೆಗೆ ಹೋಗಿ. ಈ ಮಂಟಪದ ತಳವಿನ್ಯಾಸ ಮೆಟ್ಟಿಲು ಮೆಟ್ಟಿಲಾಗಿ ಒಳಸರಿದು ಹೊರಚಾಚುತ್ತದೆ. ಮೂಲೆಯಿಂದ ನೋಡಿದರೆ ಕಂಬಗಳು ಒಂದರ ಹಿಂದೊಂದು ಚಿಕ್ಕದಾಗುತ್ತಾ ಹೋಗುತ್ತವೆ. ನನಗೆ ಮೂಲೆಯೇ ಹೆಚ್ಚು ಕೊಟ್ಟಿದೆ.

ಕ್ಯಾಮೆರಾವನ್ನು ಮೇಲೆ ಕೆಳಗೆ ವಾಲಿಸಬೇಡಿ. ಮೇಲಕ್ಕೆ ಎತ್ತಿದ ಕೂಡಲೇ ಕಂಬಗಳು ಒಳಕ್ಕೆ ವಾಲುತ್ತವೆ. ಮೊಬೈಲಿನಲ್ಲಿ ಗ್ರಿಡ್ ಹಾಕಿಕೊಳ್ಳಿ, ಕಂಬ ಗ್ರಿಡ್ ಗೆರೆಗೆ ಸಮನಾಗಿರಲಿ. ಛಾವಣಿ ಸಿಗುತ್ತಿಲ್ಲವೇ? ಹಿಂದೆ ಸರಿಯಿರಿ, ಅಥವಾ ಮೊಬೈಲ್ ಉದ್ದಕ್ಕೆ ಹಿಡಿದು ತೆಗೆದು, ಜಾಸ್ತಿ ಬಂದ ನೆಲವನ್ನು ಆಮೇಲೆ ಕತ್ತರಿಸಿ. ಕ್ಯಾಮೆರಾದ ಎತ್ತರ ಕಂಬದ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇದ್ದರೆ ನೆಲವೂ ಛಾವಣಿಯೂ ಹದವಾಗಿ ಸಿಗುತ್ತವೆ. ಕಟ್ಟೆಯ ಮೇಲೆ ಅಕ್ಕಿಚೀಲ ಇಟ್ಟರೆ ಈ ಎತ್ತರ ತಾನಾಗಿಯೇ ಸಿಗುತ್ತದೆ.

ಮೊಬೈಲಿನ 0.5 ಲೆನ್ಸ್ ಬಗ್ಗೆ ಒಂದು ಮಾತು. ಎಲ್ಲವನ್ನೂ ಹಿಡಿಯುತ್ತದೆ ಅಂತ ಅದನ್ನೇ ಒತ್ತುತ್ತೇವೆ, ಅಲ್ವಾ? ಚೌಕಟ್ಟಿನ ಅಂಚಿಗೆ ಬಂದ ಉರುಟು ಕಂಬಗಳನ್ನು ಅದು ಅಗಲಕ್ಕೆ ಎಳೆದು ಉಬ್ಬಿಸುತ್ತದೆ. ಸಾಧ್ಯವಾದಷ್ಟು ಮೊಬೈಲಿನ ಸಾಮಾನ್ಯ ಲೆನ್ಸ್ ಬಳಸಿ. ಕ್ಯಾಮೆರಾದಲ್ಲಿ 24ರಿಂದ 35 ಎಂಎಂ ಲೆನ್ಸ್ ಸಾಕು.

ಕ್ಲಿಕ್ ಮಾಡುವ ಮೊದಲು ನಾಲ್ಕೂ ಅಂಚುಗಳನ್ನು ಒಂದು ಸುತ್ತು ನೋಡಿ. ಕಣ್ಣು ಹೋಗುವುದೇ ಹೆಚ್ಚು ಬೆಳಕಿರುವ ಕಡೆಗೆ. ಅಂಚಿನಲ್ಲಿ ಬಿಸಿಲಿನ ಒಂದು ಸಣ್ಣ ಸೀಳು ಉಳಿದರೂ ಅದು ನಿಮ್ಮ ಕಂಬದಿಂದ ಗಮನ ಕದಿಯುತ್ತದೆ. ಮುಂದಿನ ಕತ್ತಲ ಕಂಬವೊಂದನ್ನು ಆ ಸೀಳಿಗೆ ಅಡ್ಡ ಬರುವಂತೆ ನಿಲ್ಲಿ. ಬಕೆಟ್, ಚಪ್ಪಲಿ, ಸ್ವಿಚ್‌ಬೋರ್ಡ್, ವೈರುಗಳಿಗೂ ಇದೇ ಉಪಾಯ. ಬಕೆಟ್ಟನ್ನು ಕೇಳಿ ಪಕ್ಕಕ್ಕಿಡಬಹುದು, ವೈರನ್ನು ಕಂಬದ ಹಿಂದೆ ಬಚ್ಚಿಡಬೇಕು.

ಬೆಳಕು ಅಳೆಯುವುದು

ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವುದು, ಎಫ್ ಅಂದರೆ ಲೆನ್ಸಿನ ಕಂಡಿಯ ಅಳತೆ. ಒಂದು ದಿನ ಬೆಳಗ್ಗೆ ಹತ್ತಕ್ಕೆ ಅಳೆದು ನೋಡಿದೆ. ಐಎಸ್‌ಒ 200, ಎಫ್/8. ಹೊರಗಿನ ಬಿಸಿಲಿಗೆ 1/800 ಸೆಕೆಂಡ್ ಬೇಕಾಯಿತು. ಒಳಗಿನ ಕಂಬಕ್ಕೆ 1/4 ಸೆಕೆಂಡ್. ಅಂದರೆ 200 ಪಟ್ಟು ವ್ಯತ್ಯಾಸ, ಏಳೂವರೆ ಸ್ಟಾಪ್‌ಗಿಂತ ಜಾಸ್ತಿ. ಇದು ಎರಡು ಬೆಳಕಿನ ಲೆಕ್ಕ ಮಾತ್ರ. ಕಂಬದ ನೆರಳಿನ ಬದಿ ಇದಕ್ಕಿಂತಲೂ ಕೆಳಗೆ ಇರುತ್ತದೆ. ಫೋಟೊ ಸಾಮಾನ್ಯವಾಗಿ ಉಳಿಯುವ ಜೆಪೆಗ್ ಕಡತದಲ್ಲಿ ಒಂದೊಂದು ಬಣ್ಣಕ್ಕೆ 256 ಮಟ್ಟಗಳು ಮಾತ್ರ ಇರುತ್ತವೆ. 14 ಬಿಟ್ ರಾ ಕಡತದಲ್ಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಇಡುವ ಕಡತದಲ್ಲಿ, 16,384. ಆದ್ದರಿಂದ ರಾದಲ್ಲೇ ತೆಗೆಯಿರಿ. ಈಗ ಹಲವು ಮೊಬೈಲುಗಳಲ್ಲೂ ಪ್ರೊ ಮೋಡಿನಲ್ಲಿ ರಾ ಸಿಗುತ್ತದೆ.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿನ ಒಂದು ಮೋಸ ಗೊತ್ತಿರಲಿ. ನೀವು ಏನನ್ನು ತೋರಿಸಿದರೂ ಅದನ್ನು ನಡುಮಟ್ಟದ ಬೂದು ಅಂತಲೇ ಅದು ತಿಳಿದುಕೊಳ್ಳುತ್ತದೆ. ಕಪ್ಪು ಕಲ್ಲಿಗೆ ಹಿಡಿದರೆ ಕಪ್ಪು ಕಲ್ಲನ್ನೇ ಬೂದು ಮಾಡಿಕೊಡುತ್ತದೆ. ನನ್ನ ಮೊದಲ ಫೋಟೊದ ರೋಗ ಇದೇ ಆಗಿತ್ತು. ಒಂದು ಸಣ್ಣ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಕಂಬದ ಬೆಳಗಿದ ಅಂಚಿಗೆ ಹಿಡಿದು, ಅದು +1ರ (ಬೂದಿಗಿಂತ ಒಂದು ಸ್ಟಾಪ್ ಮೇಲೆ) ಹತ್ತಿರ ಬರುವಂತೆ ಶಟರ್ ಹೊಂದಿಸಿ. ಅಂಚು ಬೆಳ್ಳಗೆ ಕಾಣುತ್ತದೆ, ಆದರೆ ವಿವರ ಹೋಗುವುದಿಲ್ಲ. ಉಳಿದ ಕಲ್ಲು ತಾನಾಗಿಯೇ ತನ್ನ ಕಪ್ಪಿಗೆ ಇಳಿಯುತ್ತದೆ. ಮೊಬೈಲಿನಲ್ಲಾದರೆ ಬೆಳಗಿದ ಅಂಚಿನ ಮೇಲೆ ಬೆರಳಿಟ್ಟು ಒತ್ತಿ ಲಾಕ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಚಿಹ್ನೆಯಿಂದ ಬೆಳಕನ್ನು ಚೂರು ಏರಿಸಿ ಇಳಿಸಿ ನೋಡಿ. ಹಿಸ್ಟೋಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಅಂತ ತೋರಿಸುವ ನಕ್ಷೆ) ಬಲಗಡೆಯ ಗೋಡೆಗೆ ಗುದ್ದಿಕೊಳ್ಳಬಾರದು. ಎಡಗಡೆ ಸ್ವಲ್ಪ ತಾಗಿದರೆ ಚಿಂತೆಯಿಲ್ಲ, ಕತ್ತಲು ಬೇಕು ಅಂತ ನಾವೇ ಹೇಳಿದ್ದೇವಲ್ಲ.

ಹೊರಗಿನ ಅಂಗಳ ಚೌಕಟ್ಟಿನಲ್ಲಿ ಇರಲೇಬೇಕಾದರೆ ಬ್ರಾಕೆಟಿಂಗ್ ಮಾಡಿ. ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಫೋಟೊ ತೆಗೆದು ಆಮೇಲೆ ಸೇರಿಸಬಹುದು. ಆದರೆ ಇದನ್ನೇ ತಾನಾಗಿ ಮಾಡುವ ಮೊಬೈಲಿನ ಎಚ್‌ಡಿಆರ್ ಅತಿಯಾಗಿ ಸಮ ಮಾಡಿಬಿಡುತ್ತದೆ. ಬಿಸಿಲೂ ನೆರಳೂ ಒಂದೇ ಬೆಲೆ. ಸಾಧ್ಯವಿದ್ದರೆ ಅದನ್ನು ಆಫ್ ಮಾಡಿಯೇ ಇಡಿ.

ಫೋಕಸ್ ಸರಳ. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, 24 ಎಂಎಂ ಲೆನ್ಸ್, ಎಫ್/8 ಇದ್ದರೆ ಸುಮಾರು ಎರಡೂವರೆ ಮೀಟರ್ ದೂರಕ್ಕೆ ಫೋಕಸ್ ಮಾಡಿ. ಒಂದೂಕಾಲು ಮೀಟರಿನಿಂದ ಆಚೆಗೆಲ್ಲ ಸ್ಪಷ್ಟ.

ಬಣ್ಣದ ತಲೆನೋವು

ಹೊರಗಿನ ಆಕಾಶದ ಬೆಳಕು ನೀಲಿ. ಟ್ಯೂಬ್‌ಲೈಟಿಗೆ ಹಸಿರು ಛಾಯೆ. ಎಣ್ಣೆ ದೀಪ ಕಡು ಹಳದಿ. ಮೂರೂ ಒಂದೇ ಕಂಬದ ಮೇಲೆ ಬಿದ್ದರೆ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಯಾವ ವೈಟ್ ಬ್ಯಾಲೆನ್ಸ್ ಸೆಟ್ಟಿಂಗೂ ಮೂರನ್ನು ಒಟ್ಟಿಗೆ ಸರಿ ಮಾಡಲಾರದು. "ಐನೋರೇ, ಎರಡು ನಿಮಿಷ ಲೈಟ್ ಆರಿಸಬಹುದಾ?" ಅಂತ ಕೇಳುವುದು ಎಲ್ಲಕ್ಕಿಂತ ಸುಲಭದ ದಾರಿ. ಆಗದಿದ್ದರೆ ಕಪ್ಪುಬಿಳುಪು ಮಾಡಿಬಿಡಿ. ದೀಪದ ಹಳದಿಯನ್ನು ಮಾತ್ರ ಕೊಲ್ಲಬೇಡಿ, ಅದು ಇರಬೇಕಾದ್ದೇ.

ಮನೆಗೆ ಬಂದ ಮೇಲೆ

ಡಾರ್ಕ್‌ಟೇಬಲ್ ಅನ್ನುವ ಫೋಟೊ ತಿದ್ದುವ ತಂತ್ರಾಂಶ ಕಂಪ್ಯೂಟರಿಗೆ ಉಚಿತವಾಗಿ ಸಿಗುತ್ತದೆ. ಮೊಬೈಲಿಗೆ ಸ್ನ್ಯಾಪ್‌ಸೀಡ್ ಸಾಕು. ಯಾವುದರಲ್ಲಾದರೂ ಮೊದಲು ಮಾಡುವುದು ನೇರ ಮಾಡುವ ಕೆಲಸ: ಕಂಬಗಳನ್ನು ನೆಟ್ಟಗೆ ನಿಲ್ಲಿಸಿ, ಆಮೇಲೆ ಕತ್ತರಿಸಿ. ಇದನ್ನು ಕೊನೆಗೆ ಇಟ್ಟುಕೊಂಡರೆ ಜೋಪಾನವಾಗಿ ತಿದ್ದಿದ ಅಂಚುಗಳು ಕತ್ತರಿಸಿ ಹೋಗುತ್ತವೆ.

ಮುಂದೆ ಬಿಳಿ ಮತ್ತು ಕಪ್ಪಿನ ತುದಿಗಳು. ಫೋಟೊದಲ್ಲಿ ಎಲ್ಲೋ ಒಂದು ಸಣ್ಣ ಜಾಗ ಪೂರ್ತಿ ಬಿಳಿಗೆ ಹತ್ತಿರ ಇರಬೇಕು, ಎಲ್ಲೋ ಒಂದು ಕಡೆ ಪೂರ್ತಿ ಕಪ್ಪು. ಆಮೇಲೆ ಕರ್ವ್ (ಬೆಳಕಿನ ಮಟ್ಟಗಳನ್ನು ಏರಿಸಿ ಇಳಿಸುವ ಗೆರೆ) ತೆರೆದು ಒಂದು ಮೆಲುವಾದ ಎಸ್ ಆಕಾರ ಕೊಡಿ. 0ಯಿಂದ (ಕಪ್ಪು) 255ರ (ಬಿಳಿ) ಅಳತೆಯಲ್ಲಿ 64ರ ಬಿಂದುವನ್ನು 54ಕ್ಕೆ ಇಳಿಸಿ, 192ರ ಬಿಂದುವನ್ನು 200ಕ್ಕೆ ಏರಿಸಿ. ಇಷ್ಟೇ. ಇದಕ್ಕಿಂತ ಜಾಸ್ತಿ ಬೇಕು ಅನಿಸಿದರೆ ತಪ್ಪು ಕರ್ವಿನದ್ದಲ್ಲ, ನಿಂತ ಜಾಗದ್ದು.

ಕೊನೆಯದು ಕೈಕೆಲಸ, ನನಗೆ ತುಂಬಾ ಖುಷಿ ಕೊಡುವ ಭಾಗ. ಬ್ರಷ್ ತೆಗೆದುಕೊಂಡು ಕೆಲವು ಕಡೆ ಮಾತ್ರ ಬೆಳಗಿಸುವುದು, ಕೆಲವು ಕಡೆ ಕಪ್ಪಾಗಿಸುವುದು. ಕಂಬದ ಬೆಳಗಿದ ಅಂಚಿಗೆ ಕಾಲು ಸ್ಟಾಪ್ ಏರಿಸಿ. ಅದರ ಹಿಂದಿನ ಕತ್ತಲಿಗೆ ಅರ್ಧ ಸ್ಟಾಪ್ ಇಳಿಸಿ. ಚೌಕಟ್ಟಿನ ನಾಲ್ಕು ಮೂಲೆಗೂ ಸ್ವಲ್ಪ ಇಳಿಸಿ. ದೊಡ್ಡ, ಮೆತ್ತನೆಯ ಬ್ರಷ್ ಇರಲಿ, ಒಂದೇ ಸಲ ಒತ್ತದೆ ನಾಲ್ಕು ಸಲ ತೆಳುವಾಗಿ ಸವರಿ, ಗೋಡೆಗೆ ಸುಣ್ಣ ಹೊಡೆಯುವ ಹಾಗೆ. ವಿವರವನ್ನು ಎದ್ದು ಕಾಣಿಸುವ ಕ್ಲಾರಿಟಿ, ಸ್ಟ್ರಕ್ಚರ್ ಅನ್ನುವ ಸ್ಲೈಡರುಗಳ ಹತ್ತಿರ ಹುಷಾರು. ಒರಟು ನೆಲಕ್ಕೆ ಅವು ಚೆನ್ನಾಗಿ ಒಗ್ಗುತ್ತವೆ, ನುಣುಪು ಕಂಬಕ್ಕೆ ಹಾಕಿದರೆ ಎಂಟುನೂರು ವರ್ಷ ಉಜ್ಜಿದ ಹೊಳಪು ಹೋಗಿ ಮರಳು ಮೆತ್ತಿದಂತಾಗುತ್ತದೆ. ಕಂಬದ ಸುತ್ತ ಬಿಳಿ ಪ್ರಭಾವಳಿ ಕಾಣಿಸಿತೋ, ಅತಿಯಾಗಿದೆ ಅಂತ ಅರ್ಥ. ಪ್ರಭಾವಳಿ ದೇವರಿಗಿರಲಿ.

ಪರೀಕ್ಷೆಗೆ ಮೊಬೈಲನ್ನು ತಲೆಕೆಳಗು ಮಾಡಿ, ತೋಳಿನಷ್ಟು ದೂರ ಹಿಡಿದು ನೋಡಿ. ಕಂಬ, ಛಾವಣಿ ಅನ್ನುವ ಅರ್ಥ ಹೋಗಿ ಬರೀ ಕಪ್ಪುಬಿಳಿ ತುಂಡುಗಳು ಉಳಿಯುತ್ತವೆ. ಕಣ್ಣು ಮೊದಲು ಎಲ್ಲಿಗೆ ಹೋಯಿತು? ನಿಮ್ಮ ಮೂರನೇ ಕಂಬಕ್ಕೆ ಹೋಗದಿದ್ದರೆ ಬ್ರಷ್ ಮತ್ತೆ ಕೈಗೆತ್ತಿಕೊಳ್ಳಿ.

ಬೆಳಕೇ ಇಲ್ಲದ ಕಡೆ

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ನೆಲದಡಿಯ ಕೋಣೆಗಳಿವೆ. ಒಳಗೆ ಟಾರ್ಚ್ ಇಲ್ಲದೆ ನಮ್ಮ ಕೈ ನಮಗೇ ಕಾಣುವುದಿಲ್ಲ. ಅಲ್ಲಿ ಕ್ರಮ ಉಲ್ಟಾ: ಎಲ್ಲವೂ ಕತ್ತಲು, ಬೆಳಕನ್ನು ನಾವೇ ಒಯ್ಯಬೇಕು. ಕ್ಯಾಮೆರಾವನ್ನು ನೆಲದ ಮೇಲೆ ಅಕ್ಕಿಚೀಲಕ್ಕೆ ಕೂರಿಸಿ. ಐಎಸ್‌ಒ 100, ಎಫ್/8, 30 ಸೆಕೆಂಡ್. ಜೊತೆಗಿರುವವರ ಕೈಗೆ ಟಾರ್ಚ್ ಕೊಟ್ಟು ಪಕ್ಕದ ಬಾಗಿಲ ಮರೆಯಿಂದ ಗೋಡೆಯ ಮೇಲೆ ಓರೆಯಾಗಿ ಆಡಿಸಲು ಹೇಳಿ. ಕ್ಯಾಮೆರಾ ಪಕ್ಕದಿಂದ ನೇರ ಬಿಟ್ಟರೆ ಗೋಡೆ ಚಪ್ಪಟೆಯಾಗುತ್ತದೆ. ಓರೆಯಾಗಿ ಬಿಟ್ಟರೆ ಕಲ್ಲಿನ ಒಂದೊಂದು ಉಬ್ಬುತಗ್ಗೂ ನೆರಳು ಹಾಕುತ್ತದೆ. ಟಾರ್ಚ್ ಒಂದೇ ಕಡೆ ನಿಲ್ಲದಿರಲಿ. ಮೊದಲ ನಾಲ್ಕೈದು ಫೋಟೊ ಕೆಟ್ಟೇ ಬರುತ್ತವೆ, ಬೇಸರ ಬೇಡ. ಆಮೇಲಾಮೇಲೆ ಟಾರ್ಚ್ ಹಿಡಿದವರಿಗೇ ಆಟ ಗೊತ್ತಾಗಿಬಿಡುತ್ತದೆ.

ಪ್ರಿಂಟ್ ಹಾಕಿಸುವುದಾದರೆ ಮೊದಲು ಚಿಕ್ಕದೊಂದು ಹಾಕಿಸಿ ನೋಡಿ. ಪರದೆಯಲ್ಲಿ ಕಂಡ ಕಡುಬೂದು ಕಾಗದದ ಮೇಲೆ ಕಪ್ಪಾಗಿಬಿಡುತ್ತದೆ. ಹಾಗಾದರೆ ನೆರಳಿನ ಭಾಗವನ್ನು ಮಾತ್ರ ಚೂರು ಏರಿಸಿ, ಪೂರ್ತಿ ಫೋಟೊವನ್ನಲ್ಲ. ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಕಪ್ಪು ಇನ್ನೂ ಮಂಕು. ಕಡೆದ ಕಂಬಗಳ ಫೋಟೊಗೆ ನಾನು ಅರೆಹೊಳಪಿನ ಲಸ್ಟರ್ ಕಾಗದವನ್ನೇ ಕೇಳುತ್ತೇನೆ.